ಕೆಲಸಕ್ಕೆ ಸೇರಿದ ದಿನ ಮತ್ತು ಪಿಂಚಣಿ ಸದಸ್ಯತ್ವದ ದಿನ: ಕುಟುಂಬಗಳು ತಿಳಿದಿರಬೇಕಾದ ವಿವರ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿದ ಅನೇಕರು ಹೊಸೂರಿನ ಕಾರ್ಖಾನೆಗಳಲ್ಲಿ, ಸೊಲ್ಲಾಪುರದ ಜವಳಿ ಘಟಕಗಳಲ್ಲಿ, ಕಾಸರಗೋಡಿನ ಖಾಸಗಿ ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಇವರ ಭವಿಷ್ಯ ನಿಧಿಯ ದಾಖಲೆಯಲ್ಲಿ ಕೆಲಸಕ್ಕೆ ಸೇರಿದ ದಿನಾಂಕವೂ ಸದಸ್ಯತ್ವ ಆರಂಭವಾದ ದಿನಾಂಕವೂ ಇರುತ್ತವೆ. ಮುಂದೆ ಪಿಂಚಣಿ ದೊರೆಯುವುದೇ ಇಲ್ಲವೇ ಎಂಬುದನ್ನು ಹಲವು ಸಂದರ್ಭಗಳಲ್ಲಿ ಈ ದಿನಾಂಕಗಳೇ ನಿರ್ಧರಿಸುತ್ತವೆ. ಆದ್ದರಿಂದ ಇವುಗಳ ಅರ್ಥವನ್ನೂ ಪರಿಶೀಲಿಸುವ ಕ್ರಮವನ್ನೂ ನಾವು ಇಲ್ಲಿ ವಿವರಿಸಿದ್ದೇವೆ.

ಮೂರು ದಿನಾಂಕಗಳು

ಮೊದಲನೆಯದು ಉದ್ಯೋಗಕ್ಕೆ ಸೇರಿದ ದಿನ. ಎರಡನೆಯದು ಭವಿಷ್ಯ ನಿಧಿಯ ಸದಸ್ಯರಾದ ದಿನ. ಮೂರನೆಯದು 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ ಸದಸ್ಯರಾದ ದಿನ. ನಿಯಮಕ್ಕೆ ಒಳಪಟ್ಟ ಸಂಸ್ಥೆಯಲ್ಲಿ 15,000 ರೂಪಾಯಿಗಳವರೆಗೆ ವೇತನ ಪಡೆಯುವ ಹೊಸ ನೌಕರರಿಗೆ ಈ ಮೂರೂ ಒಂದೇ ದಿನವಾಗಿರಬೇಕು. ಇಲ್ಲಿ ವೇತನವೆಂದರೆ ಮೂಲವೇತನ ಮತ್ತು ತುಟ್ಟಿಭತ್ಯೆ. ಪ್ರೊಬೇಷನ್ ಅವಧಿ ಮುಗಿದ ಮೇಲೆ ಸೇರಿಸುತ್ತೇವೆ ಎಂಬ ಮಾತಿಗೆ ಆಧಾರವಿಲ್ಲ. ಗುತ್ತಿಗೆದಾರರ ಮೂಲಕ ಸೇರಿದವರಿಗೂ ಇದೇ ನಿಯಮ ಅನ್ವಯಿಸುತ್ತದೆ.

ದಿನಾಂಕಗಳು ನ್ಯಾಯವಾಗಿಯೇ ಬೇರೆಯಾಗುವ ಸಂದರ್ಭಗಳೂ ಉಂಟು. ನೌಕರರ ಸಂಖ್ಯೆ 20ಕ್ಕೆ ತಲುಪಿದ ಬಳಿಕ ಸಂಸ್ಥೆಯು ನಿಯಮಕ್ಕೆ ಒಳಪಟ್ಟಿದ್ದರೆ, ಅದಕ್ಕೂ ಮೊದಲೇ ಸೇರಿದವರ ಸದಸ್ಯತ್ವ ಸಂಸ್ಥೆ ಒಳಪಟ್ಟ ದಿನದಿಂದ ಆರಂಭವಾಗುತ್ತದೆ. ಇನ್ನೊಂದು ಸಂದರ್ಭ 2014ರ ಸೆಪ್ಟೆಂಬರ್ 1ಕ್ಕೆ ಸಂಬಂಧಿಸಿದ್ದು. ಅಂದಿನಿಂದ ವೇತನ ಮಿತಿ 6,500ರಿಂದ 15,000 ರೂಪಾಯಿಗಳಿಗೆ ಏರಿತು. ಆ ದಿನ ಅಥವಾ ಆನಂತರ ಮೊದಲ ಬಾರಿಗೆ ಸದಸ್ಯರಾದವರ ವೇತನ ಮಿತಿಗಿಂತ ಹೆಚ್ಚಿದ್ದರೆ ಅವರು ಭವಿಷ್ಯ ನಿಧಿಗೆ ಸೇರಬಹುದೇ ಹೊರತು ಪಿಂಚಣಿ ಯೋಜನೆಗೆ ಸೇರಲಾಗದು. ಅದಕ್ಕೂ ಮುಂಚೆ ಪಿಂಚಣಿ ಯೋಜನೆಯ ಸದಸ್ಯರಾಗಿ ಮುಂದುವರಿದವರಿಗೆ, ಹೊಸ ಕೆಲಸದಲ್ಲಿ ವೇತನ ಹೆಚ್ಚಿದ್ದರೂ, ಆ ಹಕ್ಕು ಉಳಿಯುತ್ತದೆ.

ಕೆಲವು ತಿಂಗಳ ವ್ಯತ್ಯಾಸದ ಬೆಲೆ

58ನೆಯ ವಯಸ್ಸಿಗೆ ಪಿಂಚಣಿ ಪಡೆಯಲು ಒಟ್ಟು 10 ವರ್ಷಗಳ ಅರ್ಹ ಸೇವೆ ಬೇಕು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಒಂದು ವರ್ಷವೆಂದು ಎಣಿಸುತ್ತಾರೆ. ಒಂದು ಉದಾಹರಣೆ ನೋಡೋಣ. ಒಬ್ಬರು 2015ರ ಜೂನ್ 1ರಂದು ಕೆಲಸಕ್ಕೆ ಸೇರಿ 2024ರ ಡಿಸೆಂಬರ್ 31ರಂದು ಬಿಟ್ಟರು, ಬೇರೆಡೆ ಸೇವೆಯಿಲ್ಲ. ಸೇವೆ 9 ವರ್ಷ 7 ತಿಂಗಳು, ಎಂದರೆ ಲೆಕ್ಕಕ್ಕೆ 10 ವರ್ಷ. ಗುತ್ತಿಗೆದಾರರು ಸೇರಿದ ದಿನವನ್ನು 2015ರ ಅಕ್ಟೋಬರ್ 1 ಎಂದು ನಮೂದಿಸಿ ಅಲ್ಲಿಂದಲೇ ವಂತಿಗೆ ಕಟ್ಟಿದ್ದರೆ ಅದು 9 ವರ್ಷ 3 ತಿಂಗಳಾಗುತ್ತದೆ. ಆಗ ತಿಂಗಳ ಪಿಂಚಣಿಯ ಅರ್ಹತೆಯೇ ಇಲ್ಲ. ಒಂದು ಬಾರಿಯ ಮೊತ್ತವನ್ನು ಪಡೆಯಬಹುದು, ಇಲ್ಲವೇ ಮುಂದಿನ ಕೆಲಸಕ್ಕೆ ಸೇವೆಯನ್ನು ಕೂಡಿಸಲು ಯೋಜನಾ ಪ್ರಮಾಣಪತ್ರ ಪಡೆಯಬಹುದು.

ಪಿಂಚಣಿಯ ಲೆಕ್ಕ ಸರಳವಾದುದು: ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸರಾಸರಿ 12,000 ರೂಪಾಯಿ, ಸೇವೆ 10 ವರ್ಷವಾದರೆ ತಿಂಗಳಿಗೆ ಸುಮಾರು 1,714 ರೂಪಾಯಿ. ನಾಲ್ಕು ತಿಂಗಳ ತಪ್ಪು ನಮೂದಿನಿಂದ ಕೈತಪ್ಪುವುದು ಜೀವನಪರ್ಯಂತದ ಈ ಆದಾಯ.

ಸೇವೆಯಲ್ಲಿರುವಾಗಲೇ ಸದಸ್ಯರು ಮೃತಪಟ್ಟರೆ 10 ವರ್ಷಗಳ ಷರತ್ತಿಲ್ಲ. ಒಂದು ತಿಂಗಳ ವಂತಿಗೆ ಸಂದಾಯವಾಗಿದ್ದರೂ ಪತ್ನಿ ಅಥವಾ ಪತಿಗೆ ಪಿಂಚಣಿಯುಂಟು. 25 ವರ್ಷದೊಳಗಿನ ಮಕ್ಕಳಿಗೂ, ಏಕಕಾಲಕ್ಕೆ ಇಬ್ಬರಿಗೆ, ಉಂಟು. ಸದಸ್ಯತ್ವವನ್ನು ತಡವಾಗಿ ಆರಂಭಿಸಿದರೆ ಕುಟುಂಬಕ್ಕೆ ಈ ರಕ್ಷಣೆಯೂ ತಡವಾಗುತ್ತದೆ.

ಸೇರುವಾಗ ಗಮನಿಸಬೇಕಾದುದು

ಹೊಸ ನೌಕರರು ನಮೂನೆ 11ರಲ್ಲಿ ಘೋಷಣೆ ಸಲ್ಲಿಸಬೇಕು. ಈ ಹಿಂದೆ ಭವಿಷ್ಯ ನಿಧಿಯ ಸದಸ್ಯರಾಗಿದ್ದಿರಾ, ಪಿಂಚಣಿ ಯೋಜನೆಯ ಸದಸ್ಯರಾಗಿದ್ದಿರಾ ಎಂದು ಅದರಲ್ಲಿ ಪ್ರತ್ಯೇಕವಾಗಿ ಕೇಳಲಾಗುತ್ತದೆ. ಖಾಲಿ ನಮೂನೆಗೆ ಸಹಿ ಹಾಕಬಾರದು. ಹಳೆಯ ಯು.ಎ.ಎನ್. ಸಂಖ್ಯೆ ಇದ್ದರೆ ಅದನ್ನೇ ಕೊಡಬೇಕು. ಹೊಸ ಸಂಖ್ಯೆ ಪಡೆದರೆ ಹಳೆಯ ಸೇವೆ ಕೂಡದೆ ಉಳಿಯಬಹುದು.

ಹೆಸರು ಮತ್ತು ಜನ್ಮದಿನಾಂಕದ ವಿಷಯದಲ್ಲಿ ಗಡಿನಾಡಿನವರಿಗೆ ವಿಶೇಷ ಎಚ್ಚರ ಅಗತ್ಯ. ಮಹಾರಾಷ್ಟ್ರದ ದಾಖಲೆಗಳಲ್ಲಿ ತಂದೆಯ ಹೆಸರು, ಅಡ್ಡಹೆಸರು ಸೇರಿರುತ್ತವೆ. ತಮಿಳುನಾಡಿನಲ್ಲಿ ಇನಿಷಿಯಲ್ ಮಾತ್ರ. ಶಾಲಾ ದಾಖಲೆ ಮತ್ತು ಆಧಾರ್ ನಡುವಿನ ವ್ಯತ್ಯಾಸವನ್ನು ಮಕ್ಕಳು ಶಾಲೆಯಲ್ಲಿರುವಾಗಲೇ ಸರಿಪಡಿಸಿಕೊಳ್ಳುವುದು ಒಳಿತು.

ಮೊದಲ ವಂತಿಗೆ ಜಮೆಯಾದ ಕೂಡಲೇ ಪಾಸ್‌ಬುಕ್ ನೋಡಬೇಕು. ಉದ್ಯೋಗದಾತರ ಶೇಕಡಾ 12ರ ಪಾಲಿನಲ್ಲಿ ಶೇಕಡಾ 8.33, ಗರಿಷ್ಠ 1,250 ರೂಪಾಯಿ, ಪಿಂಚಣಿಯ ಅಂಕಣದಲ್ಲಿರಬೇಕು. ಅಲ್ಲಿ ಸೊನ್ನೆಯಿದ್ದರೆ ಕಾರಣ ಕೇಳಬೇಕು. ಸೇರಿದ ಅಥವಾ ಬಿಟ್ಟ ದಿನಾಂಕ ತಪ್ಪಾಗಿದ್ದರೆ ನೌಕರ ಮತ್ತು ಉದ್ಯೋಗದಾತರ ಜಂಟಿ ಘೋಷಣೆಯ ಮೂಲಕ ತಿದ್ದುಪಡಿ ಕೋರಬಹುದು. ನೇಮಕಾತಿ ಪತ್ರ, ವೇತನ ಚೀಟಿ, ಹಾಜರಿ ದಾಖಲೆಯ ಪ್ರತಿಗಳನ್ನು ಮೊದಲ ತಿಂಗಳಿನಿಂದಲೇ ಕಾಪಾಡಿಕೊಳ್ಳಬೇಕು. ಗುತ್ತಿಗೆದಾರರು ಬದಲಾದ ಮೇಲೆ ಅವು ದೊರೆಯುವುದು ಕಷ್ಟ.

ಸರ್ಕಾರಿ ಹುದ್ದೆಯಾದರೆ

ಸರ್ಕಾರಿ ಸೇವೆಯಲ್ಲಿ ಸೇರಿದ ದಿನವು ಯೋಜನೆಯನ್ನೇ ಬದಲಿಸುತ್ತದೆ. ಹಳೆಯ ಪಿಂಚಣಿಯ ಬದಲು ವಂತಿಗೆ ಆಧಾರಿತ ವ್ಯವಸ್ಥೆ ಆರಂಭವಾದ ದಿನಾಂಕಗಳು ಹೀಗಿವೆ:

- ತಮಿಳುನಾಡು: 2003ರ ಏಪ್ರಿಲ್ 1
- ಕೇಂದ್ರ ಸರ್ಕಾರ: 2004ರ ಜನವರಿ 1
- ಅಂದಿನ ಅವಿಭಜಿತ ಆಂಧ್ರಪ್ರದೇಶ: 2004ರ ಸೆಪ್ಟೆಂಬರ್ 1
- ಮಹಾರಾಷ್ಟ್ರ: 2005ರ ನವೆಂಬರ್ 1
- ಕರ್ನಾಟಕ: 2006ರ ಏಪ್ರಿಲ್ 1
- ಕೇರಳ: 2013ರ ಏಪ್ರಿಲ್ 1

2010ರಲ್ಲಿ ಕಾಸರಗೋಡಿನ ಸರ್ಕಾರಿ ಕನ್ನಡ ಶಾಲೆಗೆ ಸೇರಿದ ಶಿಕ್ಷಕರು ಹಳೆಯ ವ್ಯವಸ್ಥೆಯಲ್ಲಿದ್ದರೆ, ಅದೇ ವರ್ಷ ಮಂಗಳೂರಿನ ಸರ್ಕಾರಿ ಶಾಲೆಗೆ ಸೇರಿದವರು ಹೊಸ ವ್ಯವಸ್ಥೆಗೆ ಒಳಪಟ್ಟರು. ಗಡಿ ದಾಟಿ ಕೆಲಸ ಬದಲಿಸುವವರು ಹಿಂದಿನ ಸೇವೆಯ ಪರಿಗಣನೆಯ ಕುರಿತು ರಾಜೀನಾಮೆಗೆ ಮೊದಲೇ ಲಿಖಿತ ಉತ್ತರ ಪಡೆಯಬೇಕೆಂದು ನಾವು ಸೂಚಿಸುತ್ತೇವೆ.