ಹೊಂಗೆಯ ಬೀಜವೂ ಸಹಕಾರದ ಗಾಣವೂ



ಗದಗ ಜಿಲ್ಲೆಯ ಕಣಗಿನಹಾಳವು ಸಹಕಾರ ಚಳವಳಿಯ ತವರೆಂಬುದನ್ನು ತಾವು ಬಲ್ಲಿರಿ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಒಂಟಿಯಾಗಿ ಸಾಹುಕಾರನ ಮುಂದೆ ಕೈಯೊಡ್ಡುತ್ತಿದ್ದ ರೈತನು ಸಂಘದಲ್ಲಿ ಸಾಲಕ್ಕೆ ಅರ್ಹನಾದನು. ಆ ಪಾಠವನ್ನು ಇಂದು ಜೈವಿಕ ಇಂಧನದ ವಿಷಯದಲ್ಲಿಯೂ ಸ್ಮರಿಸಬೇಕಾಗಿದೆ.

ಬೀಜದೆಣ್ಣೆಯಿಂದ ಯಂತ್ರ ನಡೆಸುವುದು ಹೊಸತಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನೊಂದನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಲಾಗಿತ್ತು. ನಮ್ಮ ನಾಡಿನಲ್ಲಂತೂ ಸೀಮೆಎಣ್ಣೆ ಬರುವ ಮುನ್ನ ಹೊಂಗೆಯೆಣ್ಣೆ ಮನೆಯ ದೀಪಕ್ಕೆ, ಅದರ ಹಿಂಡಿ ಹೊಲದ ಗೊಬ್ಬರಕ್ಕೆ ಸಲ್ಲುತ್ತಿದ್ದವು. ಗಾಣವು ಹೀನ ಕಾಯಕವೆನಿಸಲಿಲ್ಲ. ಗಾಣದ ಕಣ್ಣಪ್ಪನವರು ಶರಣರ ಸಾಲಿನಲ್ಲಿ ನಿಂತವರು. ಕಳೆದ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸರು ಕಗ್ಗನಹಳ್ಳಿಯಲ್ಲಿ ಹೊಂಗೆಯೆಣ್ಣೆಯಿಂದ ಎಂಜಿನ್ ನಡೆಸಿ ನೀರೆತ್ತಿಸಿದರು.

ಇದರ ನಡುವೆ ಒಂದು ಎಚ್ಚರಿಕೆಯ ಅಧ್ಯಾಯವೂ ಉಂಟು. 2003ರಲ್ಲಿ ಯೋಜನಾ ಆಯೋಗದ ಸಮಿತಿಯು ಜತ್ರೋಫಾ ಬೆಳೆಯನ್ನು ಶಿಫಾರಸು ಮಾಡಿತು. 2009ರ ರಾಷ್ಟ್ರೀಯ ನೀತಿಯು 2017ರೊಳಗೆ ಶೇಕಡಾ 20ರಷ್ಟು ಜೈವಿಕ ಇಂಧನದ ಮಿಶ್ರಣವಾಗಬೇಕೆಂದಿತು. ಜೈವಿಕ ಡೀಸೆಲ್ ಆ ಗುರಿಯ ಹತ್ತಿರವೂ ಸುಳಿಯಲಿಲ್ಲ. ಗಿಡವೇನೋ ಬರಡು ನೆಲದಲ್ಲಿ ಬದುಕಿತು. ನೀರು, ಗೊಬ್ಬರಗಳಿಲ್ಲದೆ ಫಲ ಕೊಡಲಿಲ್ಲ. ಬೀಜ ಕೊಳ್ಳುವವರನ್ನು ಕಾಣದೆ ನೆಟ್ಟವರೇ ನಷ್ಟ ಹೊತ್ತರು.

ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಆರಂಭಿಸಿದ ಜೈವಿಕ ಇಂಧನ ಉದ್ಯಾನವು ಬೇರೊಂದು ದಾರಿ ಹಿಡಿಯಿತು. ಹಳ್ಳಿಗಳಲ್ಲಿ ಬೆಳೆಗಾರರ ಸಂಘಗಳಾದವು. ಹೊಂಗೆ, ಬೇವು, ಹಿಪ್ಪೆಗಳು ಬದುಗಳನ್ನೂ ಬೀಳುಭೂಮಿಯನ್ನೂ ಸೇರಿದವು. ರಾಗಿಯ ಹೊಲ ರಾಗಿಗೇ ಉಳಿಯಿತು.

ಇನ್ನು ಮುಖ್ಯವಾದ ಪ್ರಶ್ನೆಯೊಂದಿದೆ: ಗಾಣ ಯಾರದು? ಒಂದು ಲೀಟರು ಎಣ್ಣೆಗೆ ಮೂರು ನಾಲ್ಕು ಕಿಲೋ ಹೊಂಗೆಬೀಜ ಬೇಕು. ಮಿಕ್ಕದ್ದೆಲ್ಲ ಹಿಂಡಿ. ಬೀಜವನ್ನೇ ವರ್ತಕನಿಗೆ ಮಾರಿದರೆ ಎಣ್ಣೆಯ ಲಾಭದೊಡನೆ ಹೊಲದ ಗೊಬ್ಬರವೂ ಊರು ಬಿಡುತ್ತದೆ. ಬಿಸಿಲಲ್ಲಿ ಬೀಜ ಆಯ್ದ ತಾಯಿಗೆ ಕೂಲಿಯಷ್ಟೇ ಉಳಿಯುತ್ತದೆ. ಸಂಘವೇ ಗಾಣ ಹೂಡಿದರೆ ಎಣ್ಣೆ ಮಾತ್ರ ಪೇಟೆಗೆ ಹೋಗಿ ಹಿಂಡಿ ಹೊಲಕ್ಕೆ ಮರಳುತ್ತದೆ, ಆಯ್ದವಳಿಗೂ ಲಾಭದಲ್ಲಿ ಪಾಲು ದೊರೆಯುತ್ತದೆ.

ಆದುದರಿಂದ ಭಕ್ತರು ಬದುವಿನಲ್ಲಿ ಹೊಂಗೆ ನೆಡುವ ಮುನ್ನ ಊರಿನ ಸಂಘದಲ್ಲಿ ಕೂಡಿ ಗಾಣದ ಮಾತನ್ನು ಎತ್ತಬೇಕು. ಕಾಯಕದ ಫಲ ಕಾಯಕ ಮಾಡಿದವರ ಮನೆಯನ್ನೂ ಮುಟ್ಟಿದಾಗಲೇ ದಾಸೋಹವು ಸಾರ್ಥಕವಾಗುವುದು.