ಕಾಕಾನ ವೂಲ್ಸ್‌ಲಿ, ಕಾಕೂನ ಆಸ್ಟಿನ್

ಹೋದ ವಾರ ಅಟ್ಟ ಝಾಡಿಸೋ ಮುಂದ ಹಳೇ ಟ್ರಂಕಿನ್ಯಾಗ ಒಂದು ಫೋಟೋ ಸಿಕ್ತು. 1967ರದ್ದು. ನಮ್ಮ ಕಾಕಾ ಡಾಕ್ಟರಕಿ ಹೆಚ್ಚಿಂದು ಕಲೀಲಿಕ್ಕೆ ಇಂಗ್ಲಂಡಿಗೆ ಹೋಗಿದ್ರಲ್ಲ, ಆವಾಗಿಂದು. ಕಾರಿನ ಬಾನೆಟ್ ಮ್ಯಾಲೆ ಕೈ ಇಟ್ಟು ಠೀವಿಲೆ ನಿಂತಾರ. ಬಾಜೂಕ ಕಾಕು, ಇಳಕಲ್ ಸೀರಿ ಮ್ಯಾಲೆ ಉಣ್ಣಿ ಕೋಟು.

ಈ ಕಾರಿನ ಜಗಳ ನಮ್ಮನಿ ಮಂದಿಗೆಲ್ಲಾ ಗೊತ್ತದ. "ನಮ್ಮದು ವೂಲ್ಸ್‌ಲಿ, ಸಾದಾ ಗಾಡಿ ಅಲ್ಲ" ಅಂತಿದ್ರು ಕಾಕಾ. "ಬಾಜೂ ಮನಿಯವ್ರ ಆಸ್ಟಿನ್ನೂ ಇದೂ ಒಂದ ಗಾಡಿ. ಮೂಗು ಬ್ಯಾರೆ, ರೊಕ್ಕ ಜಾಸ್ತಿ" ಅಂತಿದ್ಲು ಕಾಕು. "ನಿನಗೇನು ತಿಳೀತದ ಕಾರಿಂದು" ಅಂತ ಎಲ್ಲಾರೂ ನಗತಿದ್ರು. ಸುಳ್ಳ ಯಾಕ ಹೇಳ್ಲಿ, ನಾನೂ ನಕ್ಕೇನಿ. ಈಗ ಕೂತು ಓದಿ ನೋಡಿದ್ರ, ಕಾಕು ಹೇಳಿದ್ದು ಖರೇನ ಇತ್ತು!

ಇಳಕಲ್ ಸೀರಿ ಲೆಕ್ಕಾನ ತಗೋರಿ. ಒಡಲು ಒಂದ, ದಡಿ ಬ್ಯಾರೆ, ಸೆರಗು ಬ್ಯಾರೆ. ಅಂಗಡಿಯವ ಆರು ಹೆಸರು ಹೇಳಿ ಆರು ರೇಟು ಹೇಳ್ತಾನ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಅನ್ನೋ ಕಂಪನಿ ಹಂಗ ಮಾಡಿತ್ತು. 1962ರ ಆಗಸ್ಟಿನ್ಯಾಗ ಮಾರಿಸ್ 1100 ಅಂತ ಒಂದು ಗಾಡಿ ಬಂತು. ಅದ ವರ್ಷ ಎಂಜಿ 1100, ಮರುವರ್ಷ ಆಸ್ಟಿನ್ 1100, ಅದರ ಬೆನ್ನಿಗೇ ವ್ಯಾಂಡನ್ ಪ್ಲಾಸ್ ಪ್ರಿನ್ಸೆಸ್, 1965ಕ್ಕ ವೂಲ್ಸ್‌ಲಿ, ರೈಲಿ. ಆರು ಹೆಸರು, ಗಾಡಿ ಒಂದ. (ನಮ್ಮ ಓಣ್ಯಾಗ 1100 ಅಂದ್ರ ಫಿಯೆಟ್, ಅದು ಇಟಲಿಯವ್ರದು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.)

ಹಿಂಗ್ಯಾಕ ಮಾಡಿದ್ರು? ಕೂಡಿದ ಮನಿ ಕಥಿ ಇದು. ಆಸ್ಟಿನ್ನವ್ರು, ಮಾರಿಸ್ಸಿನವ್ರು ಮೊದಲು ಹಾವು-ಮುಂಗಸಿ ಹಂಗಿದ್ರು. 1952ರಾಗ ಎರಡೂ ಕೂಡಿ ಒಂದ ಕಂಪನಿ ಆದವು. ಮಾರಿಸ್ಸಿನವ್ರು ಅದಕ್ಕಿಂತ ಮೊದಲ ವೂಲ್ಸ್‌ಲಿ, ರೈಲಿ ಕಂಪನಿ ಕೊಂಡುಕೊಂಡಿದ್ರು. ಎಲ್ಲಾರೂ ಒಂದ ಸೂರಿನ ಕೆಳಗ ಬಂದ್ರೂ ಒಲಿ ಮಾತ್ರ ಬ್ಯಾರೆ ಬ್ಯಾರೆ. ಊರೂರಿಗೆ ಮಾರಿಸ್ ಅಂಗಡಿ ಒಂದು, ಆಸ್ಟಿನ್ ಅಂಗಡಿ ಒಂದು. ಒಬ್ಬರಿಗೆ ಗಾಡಿ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅಂದ್ರ ನಡೀತದೇನು? ವಾರಗಿತ್ತ್ಯಾರಿಗೆ ಸೀರಿ ತರೋವಾಗ ಅತ್ತಿ ಎಷ್ಟು ಲೆಕ್ಕಾ ಹಾಕಬೇಕು, ನಿಮಗ ಗೊತ್ತದಲ್ಲ.

ಆದ್ರ ಗಾಡಿ ಮಾತ್ರ ಭಾಳ ಶಾಣ್ಯಾತನದ್ದು. ಮಿನಿ ಕಾರು ಮಾಡಿದ ಅಲೆಕ್ ಇಸಿಗೊನಿಸ್ ಅವ್ರ ಕೈಗುಣ. ಎಂಜಿನ್ನು ಅಡ್ಡ ಇಟ್ಟು ಅದರ ಕೆಳಗ ಗೇರ್‌ಬಾಕ್ಸು ಸೇರಿಸಿಬಿಟ್ರು. ಹಿಂಗಾಗಿ ಹೊರಗ ಸಣ್ಣದು, ಒಳಗ ಇಡೀ ಸಂಸಾರ ಹಿಡೀತಿತ್ತು. ಮೈಕಟ್ಟು ಇಟಲಿಯ ಪಿನಿನ್‌ಫರೀನಾದವ್ರದು. ಸ್ಪ್ರಿಂಗಿನ ಬದಲಿ ರಬ್ಬರು, ಅದರಾಗ ನೀರಿನಂಥಾ ದ್ರವ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವ ಕೊಳವಿ. ಮುಂದಿನ ಗಾಲಿ ಉಬ್ಬಿನ ಮ್ಯಾಲೆ ಹತ್ತಿದ್ರ ದ್ರವ ಹಿಂದ ಓಡಿ ಗಾಡಿ ಸಮ ಇಡ್ತಿತ್ತು. ಅದು ಅಲೆಕ್ಸ್ ಮೌಲ್ಟನ್ ಅವ್ರ ಕೆಲಸ. ಕಾಕು ಬಸುರಿದ್ದಾಗ ಅದರಾಗ ಓಡಾಡಿದಾಕಿ. ಹೊಟ್ಟ್ಯಾಗಿನ ನೀರು ಅಲಗಾಡ್ಲಿಲ್ಲ ಅಂತ ಈಗೂ ಹೇಳ್ತಾಳ.

ಬೇಧ ಏನೂ ಇದ್ದಿದ್ದಿಲ್ಲಾ ಅಂದ್ರ ಕಾಕಾಗ ಅನ್ಯಾಯ ಆಗ್ತದ. ಆಸ್ಟಿನ್ನಿಗೆ ಒಂದು ಕಾರ್ಬುರೇಟರ್, ವೂಲ್ಸ್‌ಲಿಗೆ ಎರಡು; ಅದು 48 ಕುದುರಿ ಶಕ್ತಿ ಆದ್ರ ಇದು 55. ಮುಂದ ಕಟಗಿ ಪಟ್ಟಿ, ಕ್ರೋಮಿಂದು ಮೂಗು, ಮೂಗಿನ ನಡುವ ವೂಲ್ಸ್‌ಲಿ ಅಂತ ಬರದ ಸಣ್ಣ ಬಿಲ್ಲೆ. ಸಂಜಿಗೆ ಲೈಟ್ ಹಾಕಿದ್ರ ಆ ಬಿಲ್ಲೆನೂ ಬೆಳಗತಿತ್ತು. ಪ್ರಿನ್ಸೆಸ್ಸಂತೂ ಒಳಗೆಲ್ಲಾ ಚರ್ಮದ ಸೀಟು, ಹಿಂದ ಕೂತವ್ರಿಗೆ ಮಡಚೋ ಮೇಜು.

1963ರಿಂದ 1971ರ ತನಕ ಹೆಚ್ಚೂಕಡಿಮಿ ಪ್ರತಿವರ್ಷ ಬ್ರಿಟನ್ನಿನ್ಯಾಗ ಎಲ್ಲಾಕಿಂತ ಹೆಚ್ಚು ಮಾರಾಟ ಆದದ್ದು ಈ ಗಾಡಿನ. ಒಟ್ಟು 20 ಲಕ್ಷಕ್ಕಿಂತ ಜಾಸ್ತಿ ಮಾಡಿದ್ರು. ಆದ್ರ ಕೆಳಗ ಜಂಗು ಹಿಡೀತಿತ್ತು. ಮ್ಯಾಲೆ ಹೊಳಪು, ಬುಡಕ್ಕ ತೂತು. ಕಂಪನಿದೂ ಹಂಗ ಆತು. 1968ರಾಗ ಲೇಲ್ಯಾಂಡಿನವ್ರ ಜೋಡಿ ಸೇರಿಸಿದ್ರು, 1969ಕ್ಕ ರೈಲಿ ಹೆಸರು ಮುಗೀತು, 1974ಕ್ಕ ಈ ಗಾಡಿ ನಿಂತ ಹೋತು, ಮರುವರ್ಷ ವೂಲ್ಸ್‌ಲಿ ಹೆಸರೂ ಇಲ್ಲಾ, ಕಂಪನಿ ಸರಕಾರದ ಕೈಗೆ. ಮಾರಿಸ್ಸಿನ ಹಳೇ ಆಕ್ಸ್‌ಫರ್ಡ್ ಗಾಡಿ ಮಾತ್ರ ಅಂಬಾಸಡರ್ ಅಂತ ಹೆಸರು ತಗೊಂಡು ನಮ್ಮ ದೇಶದಾಗ 2014ರ ತನಕ ಬಾಳೇ ಮಾಡ್ತು.

ಹೆಸರಂದ ಮ್ಯಾಲೆ ನೆನಪಾತು. ಕಾಕೂನ ಲಗ್ನದಾಗ ಅಕ್ಕಿ ಮ್ಯಾಲೆ ಉಂಗುರಲೆ ಹೊಸಾ ಹೆಸರು ಬರದ್ರು. ತವರಮನಿ ಹೆಸರು ನಮಗ್ಯಾರಿಗೂ ಗೊತ್ತ ಇದ್ದಿದ್ದಿಲ್ಲ. ನನ್ನದೂ ಬದಲಿಸಿದ್ರು; ಬ್ಯಾಂಕಿನ್ಯಾಗ ಒಂದು, ರೇಶನ್ ಕಾರ್ಡಿನ್ಯಾಗ ಒಂದು ಅಂತ ನಾ ಎಷ್ಟು ಒದ್ದಾಡೇನಿ, ನಿಮಗ ಗೊತ್ತದ. ಟ್ರಂಕಿನ್ಯಾಗಿನ ಫೋಟೋದ ಹಿಂದ ಕಾಕೂನ ಕೈಬರಹ ಅದ. ತವರಿಗೆ ಕಳಸಲಿಕ್ಕೆ ಬರದದ್ದು, ಯಾಕೋ ಕಳಸಿಲ್ಲ. ಕೆಳಗ ಸಹಿ ಹಳೇ ಹೆಸರಿಲೆ.

ಫೋಟೋ ತಗೊಂಡು ಹೋಗಿ ತೋರಿಸಿದೆ. "ಕಾಕೂ, ನೀ ಹೇಳಿದ್ದು ಖರೇ ಇತ್ತು, ಎರಡೂ ಒಂದ ಗಾಡಿ" ಅಂದೆ. ಚಷ್ಮಾ ಏರಿಸಿ ಭಾಳೊತ್ತು ನೋಡಿದ್ಲು. ಕಾಕಾ ಹೋಗಿ ಈಗ ಹತ್ತ ವರ್ಷ ಆತು.

"ಗೊತ್ತಿತ್ತವಾ ಅವ್ರಿಗೂ" ಅಂದ್ಲು. "ಆದ್ರ ಆ ಬಿಲ್ಲೆ ದೀಪ ಮಾತ್ರ ಛಂದ ಇತ್ತು ನೋಡು."