ಸಮಪಾಲಾದ ಬಹುಮಾನ

1955ರಲ್ಲಿ ಆಸ್ಟ್ರೇಲಿಯಾದ ನಾಟಕಕಾರರ ಸಲಹಾ ಮಂಡಳಿಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಎರಡು ನಾಟಕಗಳಿಗೆ ಸಮನಾಗಿ ಹಂಚಿಹೋಯಿತು. ಬರೆದವರಲ್ಲಿ ಒಬ್ಬರು ರೇ ಲಾಲರ್, ಇನ್ನೊಬ್ಬರು ಓರಿಯಲ್ ಗ್ರೇ ಎಂಬ ಹೆಣ್ಣುಮಗಳು. ತಕ್ಕಡಿ ಸಮವಾಗಿ ನಿಂತದ್ದು ಅದೊಂದೇ ಸಲ.

ಲಾಲರ್ ಅವರ ‘ಸಮರ್ ಆಫ್ ದಿ ಸೆವೆಂಟೀಂತ್ ಡಾಲ್’ ಅದೇ ವರ್ಷದ ನವೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ರಂಗವೇರಿತು. ಕಬ್ಬು ಕಡಿಯುವ ಗಂಡಸರು, ಬಾರಿನಲ್ಲಿ ದುಡಿಯುವ ಹೆಂಗಸರು, ಅವರ ಬೀದಿಯ ಮಾತು. ತಮ್ಮದೇ ಬದುಕನ್ನು ಕಂಡು ಜನ ಹಿಗ್ಗಿದರು. 1957ರಲ್ಲಿ ಅದು ಲಂಡನ್ನಿಗೆ ಹೋಯಿತು, 1958ರಲ್ಲಿ ನ್ಯೂಯಾರ್ಕಿಗೆ, 1959ರಲ್ಲಿ ಸಿನಿಮಾ ಆಯಿತು. ಮತ್ತೆ ಮತ್ತೆ ಆಡುತ್ತಲೇ ಬಂದರು. ಆ ಗೌರವಕ್ಕೆ ಅದು ಯೋಗ್ಯವಾದ ನಾಟಕವೇ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಓರಿಯಲ್ ಗ್ರೇ ಅವರ ನಾಟಕ ‘ದಿ ಟಾರೆಂಟ್ಸ್’. 1890ರ ದಶಕದ ಒಂದು ಚಿನ್ನದ ಗಣಿಯ ಊರು, ಅಲ್ಲೊಂದು ಪತ್ರಿಕಾ ಕಚೇರಿ. ಸಂಪಾದಕ ರೂಫಸ್ ಟಾರೆಂಟ್, ಜೆ. ಜಿ. ಮಿಲ್ಫರ್ಡ್ ಎಂಬ ಅರ್ಜಿದಾರರಿಗೆ ಕೆಲಸ ಕೊಟ್ಟಿದ್ದಾನೆ. ಗಂಡಸೆಂದೇ ಅವನ ಎಣಿಕೆ. ಬಂದು ನಿಂತವಳು ಜೆನ್ನಿ! ಕಚೇರಿಯೇ ಗಲಿಬಿಲಿಗೊಳ್ಳುತ್ತದೆ. ಚಿನ್ನ ಇಂದಲ್ಲ ನಾಳೆ ಮುಗಿಯುತ್ತದೆ, ನೀರಾವರಿ ಬಂದರೆ ಮಾತ್ರ ಊರು ಉಳಿದೀತು ಎಂಬ ವಾದದ ಪರವಾಗಿ ನಿಲ್ಲುವ ಧೈರ್ಯ ಅವಳದು. ನಗಿಸುತ್ತಲೇ ಚುಚ್ಚುವ ನಾಟಕ ಇದು.

ಅರವತ್ತು ವರ್ಷ ಹಿಂದಿನ ಕಥೆ ಬರೆದರೂ ಗ್ರೇ ಹೇಳಿದ್ದು ತಮ್ಮ ಕಾಲದ ಮಾತನ್ನೇ. ಆಗ ಅಲ್ಲಿನ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ಹೆಣ್ಣು ಮದುವೆಯಾದರೆ ಕಾಯಂ ಕೆಲಸ ಬಿಡಬೇಕಿತ್ತು; ಆ ನಿಯಮ ಹೋದದ್ದು 1966ರಲ್ಲಿ. ವಿಕ್ಟೋರಿಯಾ ರಾಜ್ಯದ ಸರ್ಕಾರಿ ಶಾಲೆಗಳ ಶಿಕ್ಷಕಿಯರಿಗೂ ಇಂಥದೇ ಕಟ್ಟು ಇತ್ತು, 1956ರಲ್ಲಿ ಕಾನೂನು ತಿದ್ದುವವರೆಗೆ. ತಾಳಿ ಕಟ್ಟಿಸಿಕೊಂಡ ಮೇಲೂ ಸೀಮೆಸುಣ್ಣ ಹಿಡಿದೇ ಬದುಕಿದ ನನ್ನಂಥವಳಿಗೆ ಇದು ಬರೀ ಇತಿಹಾಸವಾಗಿ ಕಾಣುವುದಿಲ್ಲ.

ಬಹುಮಾನ ಬಂದರೂ ದೊಡ್ಡ ವೃತ್ತಿಪರ ತಂಡಗಳು ಈ ನಾಟಕದತ್ತ ತಿರುಗಲಿಲ್ಲ. ಅಡಿಲೇಡ್‌ನಲ್ಲಿ ದಕ್ಷಿಣ ಆಸ್ಟ್ರೇಲಿಯಾದ ರಾಜ್ಯ ನಾಟಕ ಸಂಸ್ಥೆ ಅದನ್ನು ಕೈಗೆತ್ತಿಕೊಂಡದ್ದು 1996ರಲ್ಲಿ. ಆಗ ಗ್ರೇ ಅವರಿಗೆ 76 ವರ್ಷ. 2019ರಲ್ಲಿ ಕ್ಲೇರ್ ವಾಟ್ಸನ್ ನಿರ್ದೇಶನದಲ್ಲಿ ಅದು ಮೊದಲು ಪರ್ತ್‌ನಲ್ಲಿ, ಆಮೇಲೆ ಸಿಡ್ನಿಯ ಒಪೆರಾ ಹೌಸಿನಲ್ಲಿ ನಡೆಯಿತು. ಜೆನ್ನಿಯಾದವರು ಹಾಸ್ಯನಟಿ ಸೀಲಿಯಾ ಪಕೋಲಾ.

ಲಾಲರ್ ನಾಟಕವೇ ಮೇಲು, ಅದಕ್ಕೇ ಉಳಿಯಿತು ಎನ್ನುವವರು ಇದ್ದಾರು. ಇರಬಹುದು. ಆದರೆ ನಾಟಕವೆಂಬುದು ಆಡುತ್ತ ಆಡುತ್ತ ಬೆಳೆಯುವ ವಸ್ತು. ಒಬ್ಬ ನಟಿ ಕಾಣದ್ದನ್ನು ಇನ್ನೊಬ್ಬಳು ಕಾಣುತ್ತಾಳೆ, ಒಂದು ತಲೆಮಾರು ನಗದ ಕಡೆ ಮುಂದಿನದು ನಗುತ್ತದೆ. ಆ ಭಾಗ್ಯ ಒಂದಕ್ಕೆ ವರ್ಷ ವರ್ಷವೂ ಸಿಕ್ಕಿತು, ಇನ್ನೊಂದು ಕಾಗದದಲ್ಲೇ ಕಾದಿತ್ತು. ಓಡಲು ಬಿಡದ ಕುದುರೆಯನ್ನು ಸೋತಿತೆನ್ನುವುದು ಯಾವ ನ್ಯಾಯ? ಹೆಂಗಸು ಬರೆದದ್ದಕ್ಕೆ ಬಹುಮಾನ ಕೊಟ್ಟು, ಶಾಲು ಹೊದಿಸಿ, ಕಪಾಟಿನಲ್ಲಿಟ್ಟರೆ ಸಾಲದು. ಆಡಬೇಕು, ಮತ್ತೆ ಮತ್ತೆ ಆಡಬೇಕು.

ರೇ ಲಾಲರ್ ತಮ್ಮ ನಾಟಕದ ಕೀರ್ತಿಯನ್ನು ಕಣ್ಣಾರೆ ಕಂಡು, 2024ರಲ್ಲಿ, 103ರ ತುಂಬು ಬಾಳು ಮುಗಿಸಿದರು. ಒಪೆರಾ ಹೌಸಿನಲ್ಲಿ ಜೆನ್ನಿಗೆ ಚಪ್ಪಾಳೆ ಬಿದ್ದಾಗ ಓರಿಯಲ್ ಗ್ರೇ ತೀರಿಕೊಂಡು 16 ವರ್ಷವಾಗಿತ್ತು.